ಮೈಸೂರು ಸ್ಯಾಂಡಲ್ ಸೋಪು: ನೂರು ವರ್ಷ ದಾಟಿಯೂ ಹೇಗೆ ನಿಂತಿದೆ

ಮಾರ್ಕೆಟಿಂಗ್ ಪಾಠದಲ್ಲಿ ಒಂದು ಗೆರೆ ಎಳೆದು ತೋರಿಸುತ್ತಾರೆ. ಸರಕು ಹುಟ್ಟುತ್ತದೆ, ಬೆಳೆಯುತ್ತದೆ, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಮೈಸೂರು ಸ್ಯಾಂಡಲ್ ಇಳಿದಿದ್ದೂ ಹೌದು, ಮತ್ತೆ ಹತ್ತಿದ್ದೂ ಹೌದು. ಹಾಗಾಗಿ ಈ ವಿಮರ್ಶೆಯಲ್ಲಿ ಸೋಪಿನ ಜೊತೆ ಅದರ ಆಯಸ್ಸಿನ ಬಗ್ಗೆಯೂ ಬರೆಯುತ್ತೇನೆ.

ಮೊದಲು ಸೋಪು. ನಾನು ಹೇಳುತ್ತಿರುವುದು ರಟ್ಟಿನ ಡಬ್ಬಿಯಲ್ಲಿ ಬರುವ ಹಳೇ ಮೊಟ್ಟೆಯಾಕಾರದ ಸೋಪಿನ ಬಗ್ಗೆ. ಮೇಲೆ ಹೂವಿನ ಚಿತ್ರ, ಆನೆಯ ತಲೆ ಸಿಂಹದ ಮೈ ಇರುವ ಶರಭ. ಡಬ್ಬಿ ತೆಗೆದ ಕೂಡಲೇ ಗಂಧದ ವಾಸನೆ ಮೂಗಿಗೆ ಬರುತ್ತದೆ. ಸೋಪು ಮುಗಿದ ಮೇಲೂ ಆ ಖಾಲಿ ಡಬ್ಬಿಯನ್ನು ಸೀರೆಗಳ ಮಧ್ಯೆ ಇಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ ಹೇಳಿ! ನೊರೆ ಮೆತ್ತಗೆ, ಮೈ ಮೇಲೆ ವಾಸನೆ ಹದವಾಗಿ ಉಳಿಯುತ್ತದೆ, ತಲೆ ಹಿಡಿಯುವುದಿಲ್ಲ. ಇದು ಗ್ರೇಡ್ 1 ಸೋಪು, ಅಂದರೆ ಟಿಎಫ್‌ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ) ಶೇ. 76ಕ್ಕಿಂತ ಕಡಿಮೆ ಇರುವಂತಿಲ್ಲ. ಸೋಪು ಕೊಳ್ಳುವಾಗ ಬಣ್ಣ ನೋಡುವ ಬದಲು ಈ ಅಂಕಿ ನೋಡಿ.

ಇದರ ಹುಟ್ಟೇ ಒಂದು ಸಂಕಟದಿಂದ ಆಗಿದ್ದು. ಮೊದಲ ಮಹಾಯುದ್ಧ ಶುರುವಾಗಿ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು, ಕೊರಡುಗಳು ಇಲ್ಲೇ ರಾಶಿ ಬಿದ್ದವು, ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಇಲ್ಲೇ ಗಂಧದೆಣ್ಣೆ ತೆಗೆಯಲು ಶುರು ಮಾಡಿದರು. ಅದರ ಬೆನ್ನಿಗೇ ಸೋಪು. ಎಸ್. ಜಿ. ಶಾಸ್ತ್ರಿಯವರನ್ನು ಸೋಪು ಮಾಡುವ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದ್ದರು. ಈ ಆಕಾರ, ಈ ಡಬ್ಬಿ, ಶರಭ ಎಲ್ಲ ಅವರ ಕಾಲದ್ದೇ.

ಇಳಿಕೆ ಬಂದಿದ್ದು 1990ರ ದಶಕದಲ್ಲಿ. ಬಹುರಾಷ್ಟ್ರೀಯ ಕಂಪನಿಗಳ ಪೈಪೋಟಿ ಜಾಸ್ತಿಯಾಯಿತು, ಈ ಸೋಪು ಮಾಡುವ ಸರ್ಕಾರಿ ಕಂಪನಿ ಕೆಎಸ್‌ಡಿಎಲ್ ನಷ್ಟಕ್ಕೆ ಬಿದ್ದು, ನಷ್ಟದ ಕಂಪನಿಗಳನ್ನು ಎತ್ತಲು ಕೇಂದ್ರ ಸರ್ಕಾರ ಮಾಡಿದ್ದ ಮಂಡಳಿ ಬಿಐಎಫ್‌ಆರ್‌ನ ಮೆಟ್ಟಿಲು ಹತ್ತಬೇಕಾಯಿತು. ಅಲ್ಲಿಂದ ಎದ್ದು 2003ರ ಹೊತ್ತಿಗೆ ಸಾಲ ತೀರಿಸಿದ್ದು ಸಣ್ಣ ಮಾತಲ್ಲ. 2006ರಲ್ಲಿ ಧೋನಿಯನ್ನು ರಾಯಭಾರಿ ಮಾಡಿದರು. ಊರಿನ ಹೆಸರಿಗೆ ರಕ್ಷಣೆ ಕೊಡುವ ಜಿಐ ಮಾನ್ಯತೆಯೂ ಸಿಕ್ಕಿದೆ, ಬೇರೆ ಯಾರೂ ಈ ಹೆಸರಲ್ಲಿ ಸೋಪು ಮಾರುವಂತಿಲ್ಲ.

ಆಯಸ್ಸು ಹೆಚ್ಚಿಸಲು ಏನೇನು ಮಾಡಿದ್ದಾರೆ ನೋಡಿ. ಮೈಸೂರು ಸ್ಯಾಂಡಲ್ ಗೋಲ್ಡ್ ಸೋಪು ತಂದರು, ಬೇಬಿ ಸೋಪು ತಂದರು, ಸಣ್ಣ ಸೋಪುಗಳು, ಟಾಲ್ಕಂ ಪೌಡರ್, ಅಗರಬತ್ತಿ, ಹ್ಯಾಂಡ್‌ವಾಶ್. 2012ರಲ್ಲಿ ಮಿಲೇನಿಯಂ ಅನ್ನುವ ದುಬಾರಿ ಸೋಪು ಬಂತು, ಆಗ ಒಂದಕ್ಕೆ 720 ರೂಪಾಯಿ. ಇದರಲ್ಲಿ ನನಗೆ ಸರಿ ಅನ್ನಿಸಿದ್ದು ಗೋಲ್ಡ್. ಅದೇ ಗಂಧ ಇನ್ನೂ ಸ್ವಲ್ಪ ಗಾಢವಾಗಿ ಸಿಗುತ್ತದೆ, ಹಳೇ ಗಿರಾಕಿ ನಾಲ್ಕು ಕಾಸು ಜಾಸ್ತಿ ಕೊಟ್ಟು ಖುಷಿಯಾಗಿ ಒಯ್ಯುತ್ತಾನೆ. ಮಿಲೇನಿಯಂ ಉಡುಗೊರೆಗೆ ಚೆನ್ನ, ದಿನಬಳಕೆಗೆ ಬೇಡ. ಗುಲಾಬಿ, ಮಲ್ಲಿಗೆ ಅಂತೆಲ್ಲ ಬಂದವಲ್ಲ, ಅವುಗಳ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಮಲ್ಲಿಗೆ ಸೋಪು ಯಾರು ಬೇಕಾದರೂ ಮಾಡಬಹುದು ಅಲ್ವಾ? ಗಂಧದ್ದನ್ನು ಇವರ ಹಾಗೆ ಬೇರೆಯವರು ಮಾಡಲಾರರು. ಈ ಸೋಪು ಉಳಿದಿದ್ದು ಮೂಲ ವಾಸನೆಗೆ ಕೈ ಹಾಕದೆ ಸುತ್ತಲಿನದನ್ನು ಮಾತ್ರ ಬದಲಿಸಿದ್ದರಿಂದ ಅಂತ ನನ್ನ ಗಟ್ಟಿ ಅಭಿಪ್ರಾಯ.

2025ರಲ್ಲಿ ನಟಿ ತಮನ್ನಾ ರಾಯಭಾರಿ ಆದಾಗ, ಕನ್ನಡದವರನ್ನೇ ಯಾಕೆ ಆರಿಸಲಿಲ್ಲ ಅಂತ ಎದ್ದ ಗಲಾಟೆ ನೆನಪಿರಬಹುದು. ಯಾರ ವಾದ ಸರಿ ಅನ್ನುವುದು ಬೇರೆ ವಿಷಯ, ಆದರೆ ಒಂದು ಸೋಪಿಗಾಗಿ ಜನ ಇಷ್ಟು ಜಗಳ ಆಡುತ್ತಾರೆ ಅಂದರೆ ಅದನ್ನು ತಮ್ಮದು ಅಂದುಕೊಂಡಿದ್ದಾರೆ. ಆ ಪ್ರೀತಿ ಜಾಹೀರಾತಿನ ದುಡ್ಡಿಗೆ ಸಿಗುವುದಿಲ್ಲ.

ನನಗೆ ಚಿಂತೆ ಇರುವುದು ಮರದ್ದೇ. ಗಂಧ ಇಲ್ಲದೆ ಈ ಸೋಪಿಲ್ಲ. ಜಮೀನಿನಲ್ಲಿ ಬೆಳೆದ ಗಂಧದ ಮರ ಜಮೀನಿನವರದ್ದೇ ಅಂತ 2001ರಲ್ಲಿ ಕಾನೂನು ಬದಲಾಯಿತು, ರೈತರು ಬೆಳೆಯಲಿ ಅಂತ ಕೆಎಸ್‌ಡಿಎಲ್ ಕೂಡ ಕೆಲಸ ಮಾಡುತ್ತಿದೆ. ಆದರೆ ಮರ ಬಲಿಯಲು ವರ್ಷಗಟ್ಟಲೆ ಬೇಕು, ಕಳ್ಳರ ಕಾಟ ಬೇರೆ. ಹೊಸ ಹೊಸ ಸೋಪು ತರುವುದಕ್ಕಿಂತ ಇದಕ್ಕೆ ಜಾಸ್ತಿ ಗಮನ ಕೊಡಲಿ.

ಮೊದಲ ಸಲ ಕೊಳ್ಳುವವರು ಸುಮ್ನೆ ದುಬಾರಿಯದಕ್ಕೆ ಹೋಗಬೇಡಿ, ಹಳೇ ಡಬ್ಬಿಯದ್ದೇ ತನ್ನಿ. ಹಚ್ಚುವ ಮುಂಚೆ ಒಂದೆರಡು ದಿನ ಡಬ್ಬಿಯಿಂದ ತೆಗೆದು ಗಾಳಿಗೆ ಇಡಿ, ನೀರು ಇಳಿದುಹೋಗುವ ತೂತಿರುವ ಸೋಪಿನ ಪೆಟ್ಟಿಗೆ ಬಳಸಿ, ತುಂಬಾ ದಿನ ಬರುತ್ತದೆ.