ಮಗನನ್ನು ಸ್ಕೌಟ್‌ಗೆ ಹಾಕಿ ಒಂದು ವರ್ಷ: ಕೊಟ್ಟ ರೊಕ್ಕಕ್ಕೆ ಏನು ಸಿಕ್ತು?

ನಮ್ಮದು ಕಲಬುರಗಿಯಲ್ಲಿ ಒಂದು ಕಿರಾಣಿ ಅಂಗಡಿ. ಹೋದ ಜೂನ್‌ನಲ್ಲಿ ಮಗನನ್ನು ಅವನ ಶಾಲೆಯ ಸ್ಕೌಟ್ ದಳಕ್ಕೆ ಸೇರಿಸಿದೆ. ಆಗ ಅವನಿಗೆ ಹನ್ನೊಂದು ವರ್ಷ, ಆರನೇ ಕ್ಲಾಸು. ಅಂದಿನಿಂದ ಅಂಗಡಿಗೆ ಬರುವವರು ನಾನು ಬೇಳೆ ತೂಗುವಷ್ಟರಲ್ಲಿ ಅದನ್ನೇ ಕೇಳುತ್ತಾರೆ. ಹೆಂಗದರಿ, ನಮ್ಮ ಹುಡುಗನ್ನೂ ಹಾಕಬೇಕಾ, ಓದಿಗೆ ಅಡ್ಡಿ ಆಗಲ್ವಾ, ಖರ್ಚು ಎಷ್ಟು? ಒಬ್ಬೊಬ್ಬರಿಗೂ ಹೇಳಿ ಬಾಯಿ ನೋಯ್ತಿದೆ, ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ. ಶಾಲೆಯ ಹೆಸರು ಹಾಕುವುದಿಲ್ಲ, ಯಾಕೆಂದರೆ ಬೈಯುವುದೂ ಇದೆ.

ಅಂಕ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ಟ್ರಿಪ್‌ಗಳಿಗೆ ಮೂರು, ಸೇವೆಯ ಕೆಲಸಕ್ಕೆ ನಾಲ್ಕೂವರೆ, ವ್ಯವಸ್ಥೆಗೆ ಎರಡು. ಸರಾಸರಿ ಹಾಕಿದರೆ ಮೂರೂವರೆ ಬರುವುದಿಲ್ಲ ಅಂತ ನನಗೂ ಗೊತ್ತು. ಸ್ವಲ್ಪ ಹೆಚ್ಚಿಗೆ ತೂಗಿದ್ದೇನೆ, ಬೇಕಂತಲೇ.

ನಿಜ ಹೇಳಬೇಕೆಂದರೆ ನಾನು ಸೇರಿಸಿದ್ದು ಟ್ರಿಪ್‌ಗಳ ಆಸೆಗೆ. ನಾನಂತೂ ಅಂಗಡಿ ಬಿಟ್ಟು ಎಲ್ಲಿಗೂ ಹೋಗುವವನಲ್ಲ, ಭಾನುವಾರವೂ ಅರ್ಧ ಶಟರ್ ತೆಗೆದೇ ಇರುತ್ತದೆ. ಹುಡುಗನಾದರೂ ನಾಲ್ಕು ಊರು ನೋಡಲಿ ಅಂತ ಇತ್ತು.

ಖರ್ಚಿನ ಲೆಕ್ಕ ಇಷ್ಟು. ಸ್ಟೀಲ್ ಗ್ರೇ ಶರ್ಟು, ನೇವಿ ಬ್ಲೂ ಪ್ಯಾಂಟು, ಟೋಪಿ, ಸ್ಕಾರ್ಫು, ಅದನ್ನು ಕೊರಳಲ್ಲಿ ಹಿಡಿದಿಡುವ ವೋಗಲ್, ಬೆಲ್ಟು, ಶೂ ಎಲ್ಲಾ ಸೇರಿ 1,900 ರೂಪಾಯಿ ಆಯ್ತು. ಬಟ್ಟೆ ಅಂಗಡಿಯವನು ಸ್ಕಾರ್ಫಿನ ಬಣ್ಣ ತಪ್ಪು ಕೊಟ್ಟಿದ್ದ. ಒಂದೊಂದು ದಳಕ್ಕೆ ಒಂದೊಂದು ಬಣ್ಣ ಇರುತ್ತದೆ ಅಂತ ನನಗೇನು ಗೊತ್ತು! ವಾಪಸ್ ತಗೊಳ್ಳಲಿಲ್ಲ, ಈಗ ಅದು ಅಂಗಡಿಯಲ್ಲಿ ತಕ್ಕಡಿ ಒರೆಸುತ್ತಿದೆ. ಟ್ರಿಪ್‌ಗಳ ದುಡ್ಡು ಬೇರೆ. ಸನ್ನತಿಗೆ 350, ಚಿಂಚೋಳಿ ಕ್ಯಾಂಪಿಗೆ 1,200. ಒಂದು ವರ್ಷಕ್ಕೆ ನಾಲ್ಕು ಸಾವಿರದ ಒಳಗೆ ಮುಗೀತು. ಟ್ಯೂಷನ್‌ನವರು ಎರಡೇ ತಿಂಗಳಿಗೆ ಅಷ್ಟು ತಗೊಳ್ಳುತ್ತಾರೆ, ಅಲ್ವಾ?

ಮೊದಲ ಎರಡು ತಿಂಗಳು ನನಗೆ ಬೇಸರವೇ ಆಗಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಧ್ವಜ, ಪ್ರಾರ್ಥನೆ, ಸಾಲಾಗಿ ನಿಲ್ಲುವುದು, ಎಡಗೈಯಲ್ಲಿ ಕೈ ಕುಲುಕುವುದು, ಮೂರು ಬೆರಳಿನ ಸಲ್ಯೂಟು. ಆರೆಂಟು ಹುಡುಗರಿಗೆ ಒಂದು ಪೆಟ್ರೋಲ್, ಅದಕ್ಕೊಬ್ಬ ಲೀಡರ್. ಪೆಟ್ರೋಲ್ ಅಂದರೆ ಬಂಕಿನದಲ್ಲ, ಗುಂಪು. ನಮ್ಮಮ್ಮನಿಗೆ ಅದನ್ನು ತಿಳಿಸಿ ಹೇಳಲು ಒಂದು ವಾರ ಹಿಡೀತು. ಮನೆಗೆ ಬಂದರೆ ಹಗ್ಗ. ಮಂಚದ ಕಾಲಿಗೆ ಹಗ್ಗ, ಬಾಗಿಲ ಚಿಲಕಕ್ಕೆ ಹಗ್ಗ. ರೀಫ್ ನಾಟ್, ಶೀಟ್ ಬೆಂಡ್, ಕ್ಲೋವ್ ಹಿಚ್ ಅಂತ ಗಂಟುಗಳ ಹೆಸರು ಬಾಯಿಪಾಠ ಹೇಳುತ್ತಾ ಓಡಾಡುತ್ತಿದ್ದ. ಇದಕ್ಕಾ ನಾನು ದುಡ್ಡು ಕೊಟ್ಟಿದ್ದು ಅನ್ನಿಸಿತ್ತು.

ಒಂದು ದಿನ ಅಂಗಡಿ ಮುಂದೆ ತೊಗರಿಬೇಳೆ ಚೀಲ ಇಳಿಸುತ್ತಿದ್ದರು. ಒಂದು ಚೀಲದ ಬಾಯಿ ಬಿಚ್ಚಿಹೋಗಿತ್ತು. ಮಗ ಓಡಿ ಬಂದು ಸುತಲಿಯನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಅಡ್ಡಲಾಗಿ ಸಿಗಿಸಿ ಎಳೆದ. ಕ್ಲೋವ್ ಹಿಚ್ ಪಪ್ಪಾ ಅಂದ. ನಮ್ಮ ಹಮಾಲಿ ಕಾಕಾ, ಮೂವತ್ತು ವರ್ಷದಿಂದ ಗಂಜ್ ಮಾರುಕಟ್ಟೆಯಲ್ಲಿ ಚೀಲ ಹೊತ್ತವನು, ಬಗ್ಗಿ ಗಂಟು ನೋಡಿದ. ಬೆರಳಲ್ಲಿ ಒತ್ತಿ ನೋಡಿದ. "ಇದು ನಮ್ಮದೇ ಗಂಟಲ್ಲೋ! ಇದನ್ನ ಕಲಿಸಾಕ ರೊಕ್ಕ ತಗೊಂಡಾರೇನು?" ಅಂದ. ನಾವೆಲ್ಲಾ ನಕ್ಕುಬಿಟ್ಟೆವು. ಆದರೆ ಅವತ್ತಿನಿಂದ ನಮ್ಮ ಹುಡುಗ ಸಂಜೆ ಹೊತ್ತು ಕಾಕಾನ ಹತ್ತಿರ ಕೂತು ಇನ್ನೂ ಎರಡು ಗಂಟು ಕಲಿತ. ಅವಕ್ಕೆ ಅವರ ಪುಸ್ತಕದಲ್ಲಿ ಹೆಸರು ಸಿಗಲಿಲ್ಲವಂತೆ.

ಈಗ ಟ್ರಿಪ್‌ಗಳ ವಿಷಯ. ಸನ್ನತಿಗೆ ಹೋಗಿದ್ದು ನವೆಂಬರ್‌ನಲ್ಲಿ. ಬೆಳಿಗ್ಗೆ ಆರಕ್ಕೆ ಬಸ್ಸು ಅಂದಿದ್ದರು, ಏಳೂವರೆಗೆ ಬಂತು. ಆ ಒಂದೂವರೆ ಗಂಟೆ ಮಕ್ಕಳು ಶಾಲೆಯ ಗೇಟಿನ ಮುಂದೆ ಡಬ್ಬಿ ಬಿಚ್ಚಿ ಅರ್ಧ ಊಟ ಅಲ್ಲೇ ಮುಗಿಸಿದ್ದರು. ಹೋಗಲಿ ಬಿಡಿ. ಸನ್ನತಿ ನಮ್ಮ ಜಿಲ್ಲೆಯದ್ದೇ, ಚಿತ್ತಾಪುರ ತಾಲೂಕು, ಭೀಮಾ ನದಿ ದಂಡೆ. ಚಂದ್ರಲಾಂಬಾ ಗುಡಿಗೆ ನಾನೂ ಹೋಗಿದ್ದೇನೆ, ಕಾಯಿ ಒಡೆಸಿಕೊಂಡು ಬಂದಿದ್ದೇನೆ. ಅಷ್ಟೇ. ಅದೇ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ದೇವಿಯ ಮೂರ್ತಿ ನಿಲ್ಲಿಸಿದ್ದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಯ್ತಂತೆ. ಮೂರ್ತಿ ಕೂರಿಸಲು ಯಾರೋ ಹಿಂದಿನವರು ಅದರ ನಡುವೆ ತೂತು ಕೊರೆದಿದ್ದರು. ಪಕ್ಕದ ಕನಗನಹಳ್ಳಿಯಲ್ಲಿ ಆಮೇಲೆ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು. ಅಲ್ಲಿ ರಾಜ, ರಾಣಿ ನಿಂತಿರುವ ಒಂದು ಶಿಲ್ಪ ಇದೆ, ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಅಂತ ಬರೆದಿದೆ. ಅಶೋಕನ ಹೆಸರೇ ಕೊರೆದ ಅವನ ಚಿತ್ರ! ಇದನ್ನೆಲ್ಲಾ ನನಗೆ ಹೇಳಿದ್ದು ಮಗ, ರಾತ್ರಿ ಊಟಕ್ಕೆ ಕೂತಾಗ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡು. ಅರವತ್ತು ಕಿಲೋಮೀಟರ್ ದೂರದಲ್ಲಿ ಇರುವುದನ್ನು ನಾನು ನಲವತ್ತೆರಡು ವರ್ಷ ನೋಡದೇ ಕಳೆದೆನಲ್ಲಾ ಅನ್ನಿಸಿತು.

ಆದರೆ ಇಲ್ಲೂ ಒಂದು ತಕರಾರು. ಸ್ಕೌಟ್ ಮಾಸ್ಟರ್ ಚೆನ್ನಾಗಿ ಓದಿಕೊಂಡು ಬಂದಿದ್ದರಂತೆ, ಸರಿ. ಅಲ್ಲಿ ಕೊಟ್ಟ ಸಮಯ ಮಾತ್ರ ನಲವತ್ತೇ ನಿಮಿಷ. ಬಸ್ಸು ತಡವಾದದ್ದಕ್ಕೆ ಬರೆ ಅಶೋಕನಿಗೆ ಬಿತ್ತು. ವಾಪಸ್ ಬರುವಾಗ ಮಾತ್ರ ಧಾಬಾದಲ್ಲಿ ಒಂದೂ ಕಾಲು ಗಂಟೆ ನಿಂತಿದ್ದರು.

ಜನವರಿಯಲ್ಲಿ ಚಿಂಚೋಳಿ ಕ್ಯಾಂಪು, ಎರಡು ರಾತ್ರಿ. ಚಿಂಚೋಳಿ ಕಾಡು ನೋಡದವರಿಗೆ ನಮ್ಮ ಜಿಲ್ಲೆಯಲ್ಲಿ ಕಾಡು ಇದೆ ಅಂದರೇ ನಗು ಬರುತ್ತದೆ. ಇದೆ ಸ್ವಾಮಿ. 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆ ಆಗಿದೆ, ಚಂದ್ರಂಪಳ್ಳಿ ಜಲಾಶಯ ಅದರ ನಡುವೆ ಇದೆ. ವನ್ಯಧಾಮದ ಒಳಗೆ ಬೆಂಕಿ ಹಾಕುವ ಹಾಗಿಲ್ಲ, ಅದಕ್ಕೇ ಟೆಂಟುಗಳನ್ನು ಕಾಡಿನ ಹೊರಗೆ, ತಾಂಡಾದ ಹತ್ತಿರ ಒಬ್ಬರ ಹೊಲದಲ್ಲಿ ಹಾಕಿಸಿದ್ದರು. ಇದು ಒಳ್ಳೆಯ ಕೆಲಸ, ಅಂಕ ಕೊಡುತ್ತೇನೆ. ಅಲ್ಲಿನದು ಜಂಬಿಟ್ಟಿಗೆ ನೆಲ, ಗೂಟ ಒಳಗೆ ಇಳಿಯಲೇ ಇಲ್ಲವಂತೆ. ಹುಡುಗರು ಹಗ್ಗವನ್ನು ದೊಡ್ಡ ದೊಡ್ಡ ಕಲ್ಲಿಗೆ ಕಟ್ಟಿ ಟೆಂಟ್ ನಿಲ್ಲಿಸಿದರು. ಒಂದು ಟೆಂಟು ರಾತ್ರಿ ಎರಡಕ್ಕೆ ಮಲಗಿಬಿಟ್ಟಿತು, ಒಳಗಿದ್ದ ಆರು ಜನರ ಸಮೇತ. ಯಾರಿಗೂ ಏನೂ ಆಗಲಿಲ್ಲ. ಬೆಳಗಿನ ತನಕ ಅದರಡಿಯೇ ನಿದ್ದೆ ಹೊಡೆದರಂತೆ, ಬೆಚ್ಚಗಿತ್ತು ಅಂತ.

ಪಾತ್ರೆ ಇಲ್ಲದೆ ಅಡುಗೆ ಮಾಡುವುದು ಅಂತ ಇವರ ಪಾಠದಲ್ಲಿ ಒಂದು ಭಾಗ ಇದೆ. ಆಲೂಗಡ್ಡೆಗೆ ಮಣ್ಣು ಮೆತ್ತಿ ಸುಡುವುದು, ಕಡ್ಡಿಗೆ ಹಿಟ್ಟು ಸುತ್ತಿ ಕಾಯಿಸುವುದು ಇಂಥದ್ದು. ಆಲೂಗಡ್ಡೆ ಹೊರಗೆ ಕರಕಲು, ಒಳಗೆ ಹಸಿ. ಹಿಟ್ಟಿನದ್ದು ಕೇಳಲೇಬೇಡಿ. ಅದನ್ನು ನೋಡಿ ಹೊಲದ ಯಜಮಾನರಿಗೆ ಪಾಪ ಅನ್ನಿಸಿ, ಪಕ್ಕದ ಜೋಳದ ಹೊಲದಿಂದ ಹಾಲುಗಾಳಿನ ತೆನೆ ಮುರಿದು ತಂದರು. ಕುಳ್ಳು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿ ಜೊತೆ ಕೊಟ್ಟರು. ಸೀತನಿ! ಪಾತ್ರೆ ಇಲ್ಲ, ಪಗಡ ಇಲ್ಲ. ನಮ್ಮಜ್ಜ ಪ್ರತಿ ವರ್ಷ ಹೊಲದಲ್ಲಿ ಮಾಡುತ್ತಿದ್ದದ್ದು ಅದೇ. ಮಗ ಮನೆಗೆ ಬಂದು ಅಂಗೈ ತೋರಿಸಿದ, ಕೆಂಪಗಾಗಿ ಇನ್ನೂ ಹೊಗೆ ವಾಸನೆ ಹೊಡೀತಿತ್ತು. ಎರಡು ದಿನ ಕೈಗೆ ಸೋಪು ಹಚ್ಚಲು ಒಪ್ಪಲಿಲ್ಲ.

ಕ್ಯಾಂಪಿನ ಕೆಟ್ಟ ಭಾಗ ಅಂದರೆ ನೀರು. ಒಂದೇ ಟ್ಯಾಂಕರು ತರಿಸಿದ್ದರು. ಎರಡನೇ ದಿನ ಮಧ್ಯಾಹ್ನಕ್ಕೆ ಖಾಲಿ. ತಾಂಡಾದ ಹೆಣ್ಣುಮಕ್ಕಳು ತಮ್ಮ ಬೋರ್‌ವೆಲ್ಲಿನಿಂದ ಕೊಡಗಳಲ್ಲಿ ಹೊತ್ತು ತಂದು ಕೊಟ್ಟರು. "ಸದಾ ಸಿದ್ಧ" ಅಂತ ಧ್ಯೇಯವಾಕ್ಯ ಇಟ್ಟುಕೊಂಡವರು ನಲವತ್ತು ಮಕ್ಕಳಿಗೆ ನೀರು ಸಿದ್ಧ ಮಾಡಿಕೊಳ್ಳಬಾರದಾ? ವ್ಯವಸ್ಥೆಗೆ ಎರಡು ಅಂಕ ಕೊಟ್ಟಿದ್ದು ಇದಕ್ಕೇ.

ಇನ್ನೊಂದು ಸಿಟ್ಟು. ಹುಡುಗಿಯರಿಗೆ ಗೈಡ್ಸ್ ಅಂತ ದಳ ಇದೆ, ಯೂನಿಫಾರ್ಮ್ ಇದೆ, ಆಗಸ್ಟ್ 15ರ ಪರೇಡಿಗೆ ಅವರನ್ನೇ ಮುಂದೆ ನಿಲ್ಲಿಸುತ್ತಾರೆ. ಕ್ಯಾಂಪ್ ಮಾತ್ರ ಇಲ್ಲ. ಗೈಡ್ ಕ್ಯಾಪ್ಟನ್ ಆಗಿದ್ದ ಟೀಚರಿಗೆ ವರ್ಗ ಆಯ್ತು, ಬೇರೆಯವರನ್ನು ತರಬೇತಿಗೆ ಕಳಿಸಲಿಲ್ಲ, ಹೆಣ್ಣು ಶಿಕ್ಷಕಿ ಇಲ್ಲದೆ ಕರೆದೊಯ್ಯಲು ಬರುವುದಿಲ್ಲ ಅಂದರು. ಆ ಕೊನೆಯ ಮಾತು ಸರಿಯೇ. ಅದಕ್ಕಿಂತ ಮೊದಲಿನ ಎರಡು ತಪ್ಪು ಯಾರವು? ನನ್ನ ಮಗಳು ನಾಲ್ಕನೇ ಕ್ಲಾಸು, ಇನ್ನೆರಡು ವರ್ಷಕ್ಕೆ ಅವಳ ಸರದಿ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಸೇವೆ ಅಂತ ಬಂದರೆ ಎರಡು ಥರ ಇದೆ, ಒಂದು ಫೋಟೋದ ಸೇವೆ. ಜುಲೈನಲ್ಲಿ ಸಸಿ ನೆಟ್ಟರು, ಒಂದು ಸಸಿಗೆ ಎಂಟು ಜನ ಕೈ ಹಚ್ಚಿ ನಿಂತರು. ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಹನ್ನೆರಡರಲ್ಲಿ ಉಳಿದದ್ದು ಮೂರು. ನಮ್ಮೂರ ಬಿಸಿಲಿಗೆ ನೀರು ಹಾಕದಿದ್ದರೆ ಸಸಿ ಏನು, ಕಂಬವೂ ಒಣಗುತ್ತದೆ. ನವೆಂಬರ್ 7ಕ್ಕೆ ಸ್ಟಿಕರ್ ಮಾರುವುದೂ ಇದೇ ಥರದ್ದು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಶುರುವಾದದ್ದು 1950ರ ಆ ದಿನ. ನಮ್ಮ ಹುಡುಗ ಸೀದಾ ನಮ್ಮ ಅಂಗಡಿಗೇ ಬಂದು ನನಗೇ ಹತ್ತು ಮಾರಿದ. ಗಿರಾಕಿ ಹುಡುಕೋದು ರಕ್ತದಲ್ಲೇ ಬಂದಿದೆ.

ಇನ್ನೊಂದು ಥರದ ಸೇವೆ ಕಂಡಿದ್ದು ಮಾರ್ಚ್‌ನಲ್ಲಿ, ಶರಣಬಸವೇಶ್ವರ ಜಾತ್ರೆಯಲ್ಲಿ. ಹೋಳಿ ಆದ ಐದನೇ ದಿನಕ್ಕೆ ತೇರು. ನಮ್ಮ ಜಿಲ್ಲೆ ಅಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ. ಸ್ಕೌಟ್ ಹುಡುಗರಿಗೆ ಕೊಟ್ಟಿದ್ದು ಎರಡು ಕೆಲಸ, ನೀರು ಕೊಡುವುದು ಮತ್ತು ಚಪ್ಪಲಿ ಕಾಯುವುದು. ನಮ್ಮವನ ಪೆಟ್ರೋಲಿಗೆ ಚಪ್ಪಲಿ ಬಂತು. ಮನೆಯಲ್ಲಿ ತನ್ನ ಚಪ್ಪಲಿಯನ್ನೇ ಸರಿಯಾಗಿ ಬಿಡದವನು! ಮುಖ ಊದಿಸಿಕೊಂಡೇ ಹೋದ. ಸಂಜೆ ನಾನು ಅಂಗಡಿ ಮುಚ್ಚಿ ನೋಡಲು ಹೋದೆ. ನೂರಾರು ಜೋಡು ಚಪ್ಪಲಿ ಸಾಲಾಗಿ ಇಟ್ಟಿದ್ದಾರೆ. ಪ್ರತಿ ಜೋಡನ್ನೂ ಸುತಲಿಯಿಂದ ಒಂದೇ ಗಂಟು ಹಾಕಿ ಕಟ್ಟಿ, ರಟ್ಟಿನ ಚೀಟಿಯಲ್ಲಿ ನಂಬರ್ ಬರೆದು ಸಿಗಿಸಿದ್ದಾರೆ. ಚೀಟಿ ಕಳಕೊಂಡ ಅಜ್ಜಿಯೊಬ್ಬಳು ನನ್ನ ಚಪ್ಪಲಿ ಹಸಿರು ಬಾರಿನದು ಅಂತ ಅಳುವ ಹಾಗೆ ನಿಂತಿದ್ದಳು. ನಮ್ಮ ಹುಡುಗ ಮಂಡಿಯೂರಿ ಸಾಲು ಸಾಲು ಹುಡುಕಿ, ಹಸಿರು ಬಾರಿನ ಮೂರು ಜೋಡು ತಂದು ಅವಳ ಮುಂದಿಟ್ಟ. ಮೂರನೆಯದು ಅವಳದು. ಅವಳು ಅವನ ಗಲ್ಲ ಹಿಡಿದು "ಚಲೋ ಆಗ್ಲಿ ಮಗನ" ಅಂದಳು. ಅವನು ನನ್ನನ್ನು ನೋಡಿದ, ನೋಡಿಲ್ಲದ ಹಾಗೆ ಮಾಡಿದ. ಡ್ಯೂಟಿಯಲ್ಲಿದ್ದನಲ್ಲಾ.

ಮರುದಿನ ಬೆಳಿಗ್ಗೆ ಮತ್ತೆ ಹೋದರು. ತೇರಿಗೆ ಭಕ್ತರು ಎಸೆದ ಬಾಳೆಹಣ್ಣು, ಉತ್ತತ್ತಿ ರಸ್ತೆ ತುಂಬಾ ಜಜ್ಜಿಹೋಗಿರುತ್ತದೆ. ಅದನ್ನು ರಟ್ಟಿನಿಂದ ಕೆರೆದು ಬುಟ್ಟಿಗೆ ತುಂಬಿದರು. ಅವತ್ತು ಫೋಟೋದವರು ಯಾರೂ ಬಂದಿರಲಿಲ್ಲ.

ಏಪ್ರಿಲ್ ಬಂತು, ನಮ್ಮ ಕಡೆ ಆಫೀಸುಗಳೇ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಮುಚ್ಚುವ ಕಾಲ. ಶಾಲೆಗೂ ರಜೆ. ಮಾಸ್ಟರ್ ಏನೂ ಹೇಳಿರಲಿಲ್ಲ, ಆದರೂ ಅವನ ಪೆಟ್ರೋಲಿನ ಐದು ಹುಡುಗರು ನಮ್ಮ ಅಂಗಡಿ ಕಟ್ಟೆಯ ಮೇಲೆ ಎರಡು ಮಣ್ಣಿನ ಗಡಿಗೆ ಇಟ್ಟರು. ಒದ್ದೆ ಗೋಣಿ ಸುತ್ತಿ, ಮೇಲೆ ತಟ್ಟೆ, ಲೋಟಕ್ಕೆ ಹಗ್ಗ. ಬೆಳಿಗ್ಗೆ ಒಬ್ಬ, ಸಂಜೆ ಒಬ್ಬ ತುಂಬಿಸಬೇಕು, ಸರದಿ ಬರೆದು ಗೋಡೆಗೆ ಅಂಟಿಸಿದ್ದಾರೆ. ನನ್ನ ಹೆಸರನ್ನೂ ಭಾನುವಾರಕ್ಕೆ ಹಾಕಿದ್ದಾರೆ, ಕೇಳದೇ.

ಓದಿಗೆ ತೊಂದರೆ ಆಯ್ತಾ ಅಂದರೆ, ಗಣಿತದಲ್ಲಿ ಮೊದಲೂ ಅಷ್ಟಕ್ಕಷ್ಟೇ, ಈಗಲೂ ಅಷ್ಟಕ್ಕಷ್ಟೇ. ಸ್ಕೌಟ್‌ನಲ್ಲಿ ಪ್ರವೇಶ ಅನ್ನುವ ಮೊದಲ ಹಂತ ಮುಗಿದು, ಮುಂದಿನ ಹಂತವಾದ ಪ್ರಥಮ ಸೋಪಾನದ ಪರೀಕ್ಷೆ ಪಾಸಾಗಿದ್ದಾನೆ. ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಅಂತ ಮುಂದೆ ದೊಡ್ಡ ದಾರಿ ಇದೆ. ಸರ್ಟಿಫಿಕೇಟಿನ ಆಸೆಗೆ ಹಾಕುವವರು ನಾಲ್ಕೈದು ವರ್ಷ ತಾಳ್ಮೆ ಇದ್ದರೆ ಮಾತ್ರ ಹಾಕಿ. ಬರೀ ಟ್ರಿಪ್ಪಿಗೆ ಅಂತ ಹಾಕುವುದಾದರೆ ಬೇಡ. ಅಷ್ಟೇ ದುಡ್ಡಿನಲ್ಲಿ ಮನೆಮಂದಿಯೆಲ್ಲಾ ಸನ್ನತಿಗೆ ಹೋಗಿ ಇಡೀ ದಿನ ಕೂತು ನೋಡಿ ಬರಬಹುದು.

ನಾನು ಈ ವರ್ಷದ ದುಡ್ಡೂ ಕಟ್ಟಿದೆ. ಕಟ್ಟುವಾಗ ಕ್ಯಾಂಪಿಗೆ ಎರಡು ಟ್ಯಾಂಕರ್ ಮತ್ತು ಗೈಡ್ಸ್‌ಗೆ ಒಬ್ಬರು ಕ್ಯಾಪ್ಟನ್ ಬೇಕು ಅಂತ ಹೆಡ್‌ಮಾಸ್ಟರಿಗೆ ಬರೆದುಕೊಟ್ಟೆ, ಇನ್ನೂ ಒಂಬತ್ತು ಜನ ತಂದೆತಾಯಿಗಳ ಸಹಿ ಹಾಕಿಸಿ. ನೋಡೋಣ ಅಂದಿದ್ದಾರೆ. ಹೊಸದಾಗಿ ಸೇರಿಸುವವರು ಸ್ಕಾರ್ಫಿನ ಬಣ್ಣ ಶಾಲೆಯಲ್ಲಿ ಕೇಳಿಕೊಂಡೇ ಅಂಗಡಿಗೆ ಹೋಗಿ, ಶೂ ಮಾತ್ರ ಒಂದು ಸೈಜ್ ದೊಡ್ಡದೇ ತಗೊಳ್ಳಿ. ಜಾತ್ರೆ ಹೊತ್ತಿಗೆ ನಮ್ಮವನದು ಬಿಗಿಯಾಗಿ, ಅಷ್ಟು ಜನರ ಚಪ್ಪಲಿ ಕಾಯ್ದವನು ಬರಿಗಾಲಲ್ಲೇ ಮನೆಗೆ ಬಂದ.