ಔಷಧಿ ಹಾಕಿದ ಸೊಳ್ಳೆ ಪರದೆ: ಮನೇಲಿ ಮೂರು ತಿಂಗಳು, ವಿದೇಶದಲ್ಲಿ ಆರು ವಾರ

ಕೆಲಸದ ಮೇಲೆ ಆರು ವಾರ ಮಲೇರಿಯಾ ಇರೋ ದೇಶಕ್ಕೆ ಹೋಗ್ಬೇಕಿತ್ತು, ಅದಕ್ಕೇ ಈ ಪರದೆ ತಗೊಂಡಿದ್ದು, ಮೊದ್ಲು ಮನೇಲೇ ಕಟ್ಟಿ ನೋಡೋಣ ಅಂತ ಮೂರು ತಿಂಗಳು ಇದರೊಳಗೇ ಮಲಗಿದೀನಿ. ರಾತ್ರಿ ಸೊಳ್ಳೆಗೆ ಇದರಷ್ಟು ಕೆಲಸ ಮಾಡಿದ್ದು ನಾನು ಇಲ್ಲಿವರೆಗೆ ತಗೊಂಡಿರೋದ್ರಲ್ಲಿ ಇನ್ನೊಂದಿಲ್ಲ. ಆದ್ರೆ ಸರಿಯಾಗಿ ಕಟ್ಟಿಲ್ಲ ಅಂದ್ರೆ ಇದೂ ದಂಡ.

ದಾರಕ್ಕೆ ಪೈರೆಥ್ರಾಯ್ಡ್ ಜಾತಿ ಕೀಟನಾಶಕ ಹಾಕಿರ್ತಾರೆ, ಸೊಳ್ಳೆ ಬಂದು ಕೂತ್ರೆ ಅದಕ್ಕೆ ತಗಲುತ್ತೆ. ಪ್ಯಾಕೆಟ್ ಮೇಲೆ ಒಂದು ದಿನ ನೆರಳಲ್ಲಿ ಹರಡಿ ಗಾಳಿಗೆ ಬಿಡಿ ಅಂತ ಬರೆದಿತ್ತು, ನಾನು ಓದದೇ ಅವತ್ತೇ ಕಟ್ಕೊಂಡು ಮಲಗಿದ್ದಕ್ಕೆ ಕೆನ್ನೆಯೆಲ್ಲಾ ಉರಿ, ಕಣ್ಣಲ್ಲಿ ನೀರು. ಮಾರನೇ ದಿನ ಬಿಚ್ಚಿ ನೆರಳಲ್ಲಿ ಹರಡಿದ್ಮೇಲೆ ಆ ತೊಂದ್ರೆ ಮತ್ತೆ ಬರ್ಲಿಲ್ಲ. ಇನ್ನೊಂದು ವಿಷ್ಯ, ಸೈಜ್. ನಾನು ಸಿಂಗಲ್ ತಗೊಂಡಿದ್ದೆ, ನಿದ್ದೇಲಿ ಮೊಣಕೈ ಪರದೆಗೆ ಒತ್ಕೊಂಡಿತ್ತು, ಬೆಳಿಗ್ಗೆ ನೋಡಿದ್ರೆ ಮೊಣಕೈ ಮೇಲೇ ಸಾಲಾಗಿ ಸೊಳ್ಳೆ ಕಚ್ಚಿದ ನಾಲ್ಕು ದದ್ದು, ಮೈಮೇಲೆ ಬೇರೆ ಎಲ್ಲೂ ಒಂದೂ ಇಲ್ಲ. ಹಾಗಾಗಿ ಅಗಲ ಜಾಸ್ತಿ ಇರೋದನ್ನೇ ತಗೊಳ್ಳಿ, ಅಂಚನ್ನ ಹಾಸಿಗೆ ಅಡಿಗೆ ಪೂರ್ತಿ ಸಿಕ್ಕಿಸಿ, ಒಳಗೆ ಹೋದ್ಮೇಲೆ ಒಂದ್ಸಲ ಟಾರ್ಚ್ ಬಿಟ್ಟು ಮೂಲೆಗಳನ್ನ ನೋಡಿ. ಒಗೆಯೋದು ಕಮ್ಮಿ ಮಾಡಿ, ಸುಮಾರು 20 ಒಗೆತ ತಡೆಯುತ್ತೆ ಅನ್ನೋ ಲೆಕ್ಕದಲ್ಲಿ ಮಾಡಿರ್ತಾರೆ, ಮೆದು ಸೋಪು ಸಾಕು, ಬಿಸಿಲಿಗೆ ಒಣಗಿಸ್ಬಾರ್ದು.

ಆದ್ರೆ ಪರದೆ ಇದೆ ಅಂತ ಹಗಲು ಮೈಮರೀಬೇಡಿ. ಮಲೇರಿಯಾದ ಅನಾಫಿಲಿಸ್ ರಾತ್ರಿ ಕಚ್ಚುತ್ತೆ, ಡೆಂಗ್ಯೂ ಚಿಕೂನ್‌ಗುನ್ಯಾ ಜೀಕಾ ತರೋ ಏಡಿಸ್ ಹೆಚ್ಚಾಗಿ ಹಗಲಲ್ಲೇ ಕಚ್ಚುತ್ತೆ, ಕಾಲ್ಮೇಲೆ ಬಿಳಿ ಪಟ್ಟೆ ಇರುತ್ತಲ್ಲ ಅದು. ಅದಕ್ಕೆ ಮೈಗೆ ಹಚ್ಚೋ ಲೋಷನ್ನೇ ಗತಿ. ಮೊದ್ಲು ಡೀಟ್ ಅನ್ನೋ ಸೊಳ್ಳೆ ಓಡಿಸೋ ರಾಸಾಯನಿಕ ಇರೋದು ಹಚ್ಚಿದ್ದೆ, ಅದೇ ಕೈಯಲ್ಲಿ ಕನ್ನಡಕ ಸರಿ ಮಾಡ್ಕೊಂಡೆ, ಪ್ಲಾಸ್ಟಿಕ್ ಫ್ರೇಮ್ ಮೆತ್ತಗಾಗಿ ಬೆರಳಿನ ಗುರುತು ಹಾಗೇ ಕೂತ್ಬಿಡ್ತು, ಡೀಟ್ ಕೆಲವು ಪ್ಲಾಸ್ಟಿಕ್ ಕರಗಿಸುತ್ತೆ. ಆಮೇಲೆ ಅದೇ ಕೆಲಸ ಮಾಡೋ ಇನ್ನೊಂದು ರಾಸಾಯನಿಕ, 20% ಪಿಕಾರಿಡಿನ್‌ಗೆ ಬದಲಾಯಿಸ್ದೆ, ವಾಸನೇನೂ ಇಲ್ಲ ಅಂಟೂ ಇಲ್ಲ. ಸನ್‌ಸ್ಕ್ರೀನ್ ಹಚ್ಚೋದಿದ್ರೆ ಅದು ಮೊದ್ಲು, ಇದು ಆಮೇಲೆ.

ಮಲೇರಿಯಾ ತಡೆಯೋ ಮಾತ್ರೆಗೆ ಪರದೆ ಬದಲಿ ಅಲ್ಲ, ದಯವಿಟ್ಟು ಇದನ್ನ ಹಗುರ ಮಾಡ್ಬೇಡಿ. ಹೊರಡೋಕೆ ಒಂದು ತಿಂಗಳು ಮುಂಚೇನೇ ಡಾಕ್ಟರ್ ಹತ್ರ ಹೋಗಿ, ಕೆಲವು ಮಾತ್ರೆ ವಾಪಸ್ ಬಂದ್ಮೇಲೂ ನಾಲ್ಕು ವಾರ ನುಂಗ್ಬೇಕು, ಹಳದಿ ಜ್ವರದ ಲಸಿಕೆ ಬೇಕಾದ್ರೆ ಕನಿಷ್ಠ 10 ದಿನ ಮುಂಚೆ ಹಾಕಿಸ್ಕೊಂಡಿರ್ಬೇಕು. ವಾಪಸ್ ಬಂದು ತಿಂಗಳುಗಟ್ಟಲೆ ಆದ್ಮೇಲೆ ಜ್ವರ ಬಂದ್ರೂ ಯಾವ ದೇಶಕ್ಕೆ ಹೋಗಿದ್ರಿ ಅಂತ ಡಾಕ್ಟರಿಗೆ ಮೊದ್ಲೇ ಹೇಳಿ. ಡೆಂಗ್ಯೂ ಅಲ್ಲ ಅಂತ ಗೊತ್ತಾಗೋವರೆಗೆ ಆಸ್ಪಿರಿನ್, ಐಬುಪ್ರೊಫೇನ್ ಬೇಡ, ರಕ್ತಸ್ರಾವ ಜಾಸ್ತಿ ಆಗ್ಬಹುದು, ಪ್ಯಾರಸಿಟಮಾಲ್ ಅಷ್ಟೇ.

ಮನೇಲಂತೂ ನೀರು ನಿಲ್ಲೋ ಜಾಗ ನೋಡ್ದೇ ಎಷ್ಟು ಪರದೆ ಕಟ್ಟಿದ್ರೂ ಅಷ್ಟೇ. ನಮ್ಮನೇಲಿ ಹೂಕುಂಡದ ಕೆಳಗಿನ ತಟ್ಟೇಲಿ ಹುಳ ಕುಣೀತಿದ್ವು, ಬರೀ ಚೆಲ್ಲಿದ್ರೆ ಸಾಲ್ದು ಅಂಚನ್ನ ಬ್ರಷ್‌ನಲ್ಲಿ ಉಜ್ಜಬೇಕು, ಏಡಿಸ್ ಮೊಟ್ಟೆ ಅಲ್ಲೇ ಅಂಟ್ಕೊಂಡು ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ. ವಾರಕ್ಕೊಂದ್ಸಲ ಮಾಡ್ತೀವಿ ಈಗ. ಅಲ್ಟ್ರಾಸೋನಿಕ್ ಮಷೀನ್ ಒಂದು ತಗೊಂಡಿದ್ವಿ, ಅದರ ಮೇಲೇ ಸೊಳ್ಳೆ ಕೂತಿತ್ತು, ದುಡ್ಡು ಹಾಕ್ಬೇಡಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಜೊತೇಲಿ ಕೊಟ್ಟಿದ್ದ ಹಗ್ಗ ಮೊಳದುದ್ದಾನೂ ಇಲ್ಲ ಅನ್ನೋದಕ್ಕೆ, ನಾನಿದ್ದ ರೂಮಲ್ಲಿ ಸೀಲಿಂಗಿಗೆ ಕೊಕ್ಕೆನೂ ಇರ್ಲಿಲ್ಲ, ಬಟ್ಟೆ ಒಣಗಿಸೋ ಹಗ್ಗ ಕಿಟಕಿಯಿಂದ ಬಾಗಿಲಿಗೆ ಎಳೆದು ಕಟ್ಟಿದೆ. ಮುಂದಿನ ಸಲ ಪಿಬಿಒ (ಪೈರೆಥ್ರಾಯ್ಡ್ ಜೋರು ಹೆಚ್ಚಿಸೋ ರಾಸಾಯನಿಕ) ಸೇರಿಸಿರೋ ಪರದೇನೇ ತಗೊಳ್ತೀನಿ, ಎಷ್ಟೋ ಕಡೆ ಸೊಳ್ಳೆಗಳು ಬರೀ ಪೈರೆಥ್ರಾಯ್ಡ್‌ಗೆ ಜಗ್ಗಲ್ಲ. ಡಬಲ್ ಸೈಜ್, ಜೊತೆಗೆ ನಾಲ್ಕು ಮೀಟರ್ ಹಗ್ಗ.