ಅಪಘಾತ ಪರಿಹಾರದ ಅರ್ಜಿ: ಮಂಗಳೂರಿನ ಒಂದು ವಕೀಲರ ಕಚೇರಿಯ ಸೇವೆ

ಪಡುಬಿದ್ರಿಯ ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿ ಡಿಕ್ಕಿ ಹೊಡೆದು ತೀರಿಕೊಂಡ ನನ್ನ ಭಾವನ ಎಂ.ವಿ.ಸಿ. (ಮೋಟಾರು ವಾಹನ ಅಪಘಾತ ಪರಿಹಾರದ) ಕೇಸನ್ನು ನಾವು ಮಂಗಳೂರಿನ ಜಿಲ್ಲಾ ನ್ಯಾಯಾಲಯದ ಸಮೀಪದ ಒಂದು ವಕೀಲರ ಕಚೇರಿಗೆ ಒಪ್ಪಿಸಿದ್ದೇವೆ. ವಕೀಲರು ಜಾಹೀರಾತು ನೀಡುವಂತಿಲ್ಲವೆಂಬ ನಿಯಮವಿರುವುದರಿಂದ ಹೆಸರು ಬರೆಯುತ್ತಿಲ್ಲ.

ಇದಕ್ಕೂ ಮೊದಲು ನಾವು ಕಂಡಿದ್ದ ಇನ್ನೊಬ್ಬ ವಕೀಲರು, ಬರುವ ಪರಿಹಾರದಲ್ಲಿ ಕಾಲು ಭಾಗ ತಮಗೆ ಬೇಕೆಂದಿದ್ದರು. ಫಲಿತಾಂಶವನ್ನು ಅವಲಂಬಿಸಿ ಶುಲ್ಕ ನಿಗದಿಪಡಿಸುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಹಾಗಿದ್ದರೂ ಈ ಬೇಡಿಕೆಗೆ ತಲೆಯಾಡಿಸುವ ಕುಟುಂಬಗಳೇ ಹೆಚ್ಚೆಂದು ನನಗನ್ನಿಸುತ್ತದೆ. ಈ ಕಚೇರಿ ನಿಗದಿತ ಶುಲ್ಕವನ್ನು ಕಂತಿನಲ್ಲಿ, ರಸೀದಿ ಕೊಟ್ಟು ಪಡೆಯಿತು. ಅಷ್ಟೇ ಅಲ್ಲ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಮಹಿಳೆಯರು ಉಚಿತ ವಕೀಲರನ್ನು ಪಡೆಯಬಹುದೆಂಬುದನ್ನು ಮೊದಲ ಭೇಟಿಯಲ್ಲಿಯೇ ಅಕ್ಕನಿಗೆ ತಿಳಿಸಿತು.

ಅವರು ಮೊದಲು ನೋಡಿದ್ದು ಎಫ್‌ಐಆರ್‌ನ ದಿನಾಂಕವನ್ನು. ಮೋಟಾರು ವಾಹನ ಕಾಯಿದೆಗೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಅಪಘಾತ ಉಡುಪಿ ಜಿಲ್ಲೆಯಲ್ಲಿ ನಡೆದಿದ್ದರೂ ಅರ್ಜಿದಾರರು ವಾಸವಿರುವ ಕಡೆಯ ನ್ಯಾಯಮಂಡಳಿಗೆ ಹೋಗಲು ಕಾನೂನು ಅವಕಾಶ ಕೊಡುವುದರಿಂದ ಅಕ್ಕ ಪ್ರತಿ ವಾಯಿದೆಗೂ ಉಡುಪಿಗೆ ಅಲೆಯುವುದು ತಪ್ಪಿತು.

ನಾನು ಹೆಚ್ಚು ಮೆಚ್ಚಿದ್ದು ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ರೀತಿಯನ್ನು. ಭಾವನಿಗೆ 38 ವರ್ಷ. ಧಕ್ಕೆಯಿಂದ (ಮೀನುಗಾರಿಕೆ ಬಂದರಿನಿಂದ) ಮೀನು ಸಾಗಿಸುವ ಸ್ವಂತ ಟೆಂಪೊ ಇತ್ತು. ತಿಂಗಳ ಆದಾಯ 20,000 ರೂಪಾಯಿ ಎಂದಿಟ್ಟುಕೊಂಡರೆ, ಸ್ವಂತ ಉದ್ಯೋಗದ 40ರೊಳಗಿನವರಿಗೆ ಮುಂದಿನ ಗಳಿಕೆಯ ಬಾಬ್ತು ಶೇಕಡಾ 40 ಸೇರಿಸಿ 28,000, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಹೀಗೆ ನಾಲ್ವರು ಅವಲಂಬಿತರಿರುವುದರಿಂದ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದು 21,000, ವರ್ಷಕ್ಕೆ 2,52,000, ಆ ವಯಸ್ಸಿಗೆ ನಿಗದಿಯಾದ ಗುಣಕ (ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ) 15ರಿಂದ ಗುಣಿಸಿದರೆ 37,80,000. ಗುಣಕ ಮತ್ತು ಕಡಿತವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಪ್ರಕರಣದಲ್ಲಿ, ಮುಂದಿನ ಗಳಿಕೆಯ ಪ್ರಮಾಣವನ್ನು 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ನಿಗದಿಪಡಿಸಿದೆ. ಅಂತ್ಯಕ್ರಿಯೆ, ಸಾಂಗತ್ಯದ ನಷ್ಟ ಮುಂತಾದ ಬಾಬ್ತುಗಳು ಇದರ ಮೇಲೆ ಸೇರುತ್ತವೆ.

ಉಳಿದೆಲ್ಲವೂ ಈ ತೀರ್ಪುಗಳಲ್ಲೇ ಸಿಗುವುದರಿಂದ ಕೇಸು ನಿಲ್ಲುವುದು ಆ 20,000 ಎಂಬ ಮೊದಲ ಅಂಕಿಯ ಮೇಲೆ. ಧಕ್ಕೆಯ ವ್ಯವಹಾರಕ್ಕೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಕಚೇರಿಯ ಹಿರಿಯ ಗುಮಾಸ್ತರು ಭಾವನ ಪಿಗ್ಮಿ (ದಿನದ ಉಳಿತಾಯ ಠೇವಣಿ) ಪುಸ್ತಕ, ಟೆಂಪೊ ಸಾಲದ ಕಂತಿನ ವಿವರ, ಡೀಸೆಲ್ ಬಿಲ್ಲುಗಳನ್ನು ತರಿಸಿಕೊಂಡು ದಿನಾಂಕವಾರು ಜೋಡಿಸಿದರು. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಪಿಗ್ಮಿಯ ಮೊತ್ತ ಇಳಿದಿದ್ದನ್ನು ಅವರು ಮುಚ್ಚಿಡಲಿಲ್ಲ. ವರ್ಷದ ಸರಾಸರಿಯನ್ನೇ ಹಾಕಿದರು. ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಹಿಡಿದದ್ದೂ ಅದೇ ತಿಂಗಳುಗಳನ್ನು, ಉತ್ತರ ಸಿದ್ಧವಿತ್ತು.

ಲೋಕ ಅದಾಲತ್ತಿನಲ್ಲಿ ವಿಮಾ ಕಂಪನಿ ಮುಂದಿಟ್ಟ ಮೊತ್ತ ಈ ಲೆಕ್ಕಕ್ಕಿಂತ ಬಹಳ ಕಡಿಮೆಯಿತ್ತು. ಅಲ್ಲಿ ರಾಜಿಯಾದರೆ ಮೇಲ್ಮನವಿಗೆ ಅವಕಾಶವಿಲ್ಲವೆಂದು ವಕೀಲರು ವಿವರಿಸಿ ತೀರ್ಮಾನವನ್ನು ಅಕ್ಕನಿಗೇ ಬಿಟ್ಟರು. ಅಕ್ಕ ಒಪ್ಪಲಿಲ್ಲ.

ದೂರುಗಳೂ ಇವೆ. ಮಧ್ಯಾಹ್ನದವರೆಗೆ ಫೋನ್ ಎತ್ತುವವರಿಲ್ಲ, ವಾಯಿದೆ ಮುಂದೂಡಿದ ಸುದ್ದಿ ಕೆಲವೊಮ್ಮೆ ನಾವು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ತಿಳಿಯುತ್ತದೆ, ಜೂನಿಯರ್‌ಗಳು ಬದಲಾದಾಗಲೆಲ್ಲ ಕಥೆಯನ್ನು ಮೊದಲಿನಿಂದ ಹೇಳಬೇಕು. ಗಂಡನನ್ನು ಕಳೆದುಕೊಂಡವಳಿಗೆ ಅದು ಸಣ್ಣ ಮಾತಲ್ಲ. ತೀರ್ಪು ಇನ್ನೂ ಬಂದಿಲ್ಲ. ವಿಮಾ ಕಂಪನಿ ಮೇಲ್ಮನವಿ ಸಲ್ಲಿಸಿದರೆ ಬೆಂಗಳೂರಿನ ಹೈಕೋರ್ಟಿನಲ್ಲಿ ಬೇರೆ ವಕೀಲರನ್ನು ನೇಮಿಸಬೇಕಾಗುತ್ತದೆ, ಆ ಖರ್ಚು ಇಲ್ಲಿಯ ಶುಲ್ಕದಲ್ಲಿ ಸೇರಿಲ್ಲ. ವಕಾಲತ್ತಿಗೆ ಸಹಿ ಹಾಕುವ ಮುನ್ನ ಇದನ್ನು ಕೇಳಿ ಬರೆಸಿಕೊಳ್ಳಿ.